ಮನೆಯ ಮಾತು, ಮನೆತನದ ಮಾತು: ಒಂದು ಗ್ರಾಮ ಸಭೆಯ ಪ್ರಕರಣ

ಇದು ಬಯಲುಸೀಮೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ನಡೆದದ್ದು. ಜಿಲ್ಲೆ, ತಾಲ್ಲೂಕು, ವರ್ಷ ಯಾವುದನ್ನೂ ಹೇಳುವುದಿಲ್ಲ. ಯಾರಿಗೂ ಸುಳ್ಳು ಹೆಸರು ಇಟ್ಟಿಲ್ಲ. ಅಧ್ಯಕ್ಷೆ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಅಂಗನವಾಡಿ ಟೀಚರ್ ಎಂದಷ್ಟೇ ಕರೆದಿದ್ದೇನೆ. ಗುರುತು ಸಿಕ್ಕಿಬಿಡಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ನಾನು ಪಶುವೈದ್ಯ. ಗ್ರಾಮ ಸಭೆಗೂ ದನದ ಡಾಕ್ಟರಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಗ್ರಾಮ ಸಭೆಗಳಿಗೆ ಬೇರೆ ಇಲಾಖೆಯ ಅಧಿಕಾರಿಯೊಬ್ಬರನ್ನು ನೋಡಲ್ ಅಧಿಕಾರಿಯಾಗಿ ಹಾಕುವ ಪದ್ಧತಿ ಇದೆ. ಒಮ್ಮೆ ತೋಟಗಾರಿಕೆಯವರು, ಒಮ್ಮೆ ಶಿಕ್ಷಣ ಇಲಾಖೆಯವರು, ಆ ವರ್ಷ ನಾನು. ಹೆಚ್ಚಿನವರು ಬಂದು, ಹಾರ ಹಾಕಿಸಿಕೊಂಡು, ಸಹಿ ಮಾಡಿ ಹೋಗುತ್ತಾರೆ. ನಾನೂ ಹಾಗೇ ಹೋಗುವ ಅಂದಾಜಿನಲ್ಲಿ ಬಂದವನು.

ಹಿನ್ನೆಲೆ

ಐದು ಹಳ್ಳಿ, ಒಂದು ಕಾಲೋನಿ ಸೇರಿದ ಪಂಚಾಯಿತಿ. ದೊಡ್ಡೂರಿನ ದೇವಸ್ಥಾನದ ಮುಂದಿನ ಅರಳಿಕಟ್ಟೆಯಲ್ಲಿ ಸಭೆ. ಕಟ್ಟೆಯ ಮೇಲೆ ಕುರ್ಚಿ, ಕೆಳಗೆ ಜಮಖಾನ, ಪಕ್ಕದಲ್ಲಿ ಶಾಮಿಯಾನ. ಮೊದಲಿಂದ ಹಾಗೇ ನಡೆದುಕೊಂಡು ಬಂದಿತ್ತು.

ಕಾಯ್ದೆಯ ಮಾತು ಸ್ವಲ್ಪ ಹೇಳಬೇಕು. ಸಂವಿಧಾನದ 73ನೇ ತಿದ್ದುಪಡಿಯ ಬೆನ್ನಿಗೆ ಬಂದ ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ, 2015ರ ತಿದ್ದುಪಡಿಯಲ್ಲಿ ಹೆಸರಿಗೆ ‘ಗ್ರಾಮ ಸ್ವರಾಜ್’ ಸೇರಿಸಿಕೊಂಡಿತು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮ ಸಭೆಯ ಸದಸ್ಯರು. ಆರು ತಿಂಗಳಿಗೆ ಒಮ್ಮೆಯಾದರೂ ಸಭೆ ಸೇರಬೇಕು. ಅದಕ್ಕೂ ಮುಂಚೆ ವಾರ್ಡ್ ಸಭೆಗಳು ನಡೆಯಬೇಕು. ಕೋರಂಗೆ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಗೆ, ಸದಸ್ಯರಲ್ಲಿ ಹತ್ತನೇ ಒಂದು ಪಾಲು ಅಥವಾ 100 ಮಂದಿ, ಎರಡರಲ್ಲಿ ಕಡಿಮೆ ಯಾವುದೋ ಅದು; ಬಂದವರಲ್ಲಿ ನೂರಕ್ಕೆ 30ರಷ್ಟು ಹೆಂಗಸರು. ಎಷ್ಟು ಜನ ಬರಬೇಕು, ಯಾವಾಗ ಸೇರಬೇಕು, ಯಾರು ಅಧ್ಯಕ್ಷತೆ ವಹಿಸಬೇಕು ಎಂಬುದೆಲ್ಲ ನನ್ನ ಕೈಯಲ್ಲಿದ್ದ ಹಾಳೆಗಳಲ್ಲಿ ಇತ್ತು. ಬಂದವರು ಮಾತಾಡುವುದು ಹೇಗೆ ಎಂಬುದು ಇರಲಿಲ್ಲ.

ಊರಿನಲ್ಲಿ ಒಬ್ಬರು ಹಿರಿಯರಿದ್ದರು, 1987ರ ಚುನಾವಣೆಯಲ್ಲಿ, ಈಗಿನ ಗ್ರಾಮ ಪಂಚಾಯಿತಿಯ ಜಾಗದಲ್ಲಿ ಆಗ ಇದ್ದ ಮಂಡಲ ಪಂಚಾಯಿತಿಗೆ ಗೆದ್ದಿದ್ದವರು. ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದ ಕಾಲದ್ದು ಆ ವ್ಯವಸ್ಥೆ. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ನಜೀರ್ ಸಾಬರು ‘ನೀರ್ ಸಾಬ್’ ಆದ ಕಾಲವೂ ಅದೇ. ಹಿರಿಯರು ಒಂದು ಮಾತು ಹೇಳುತ್ತಿದ್ದರು: “ಆವಾಗ ನಾವು ಕೇಳ್ತಿದ್ದುದು ನೀರು. ಬಂದ್ರೆ ಎಲ್ಲಾರ್ಗೂ ಬರೋದು. ಈಗ ಕೇಳೋದು ಮನೆ. ಒಬ್ರಿಗೆ ಬಂದ್ರೆ ಇನ್ನೊಬ್ರಿಗೆ ತಪ್ಪುತ್ತೆ.” ಮುಂದಿನ ಗಲಾಟೆಯ ಬೇರು ಈ ಮಾತಿನಲ್ಲೇ ಇತ್ತು.

ಕೆಟ್ಟದ್ದು

ಬಸವ ವಸತಿ ಯೋಜನೆಯಂಥ ಯೋಜನೆಗಳಲ್ಲಿ ಫಲಾನುಭವಿಗಳ ಪಟ್ಟಿ ಗ್ರಾಮ ಸಭೆಯಲ್ಲಿ ಆಯ್ಕೆಯಾಗಬೇಕು. ಮನೆ ಇಲ್ಲದವರು, ಗುಡಿಸಲಲ್ಲಿ, ಕಚ್ಚಾ ಮನೆಯಲ್ಲಿ ಇರುವವರು ಅರ್ಹರು. ಆಯ್ಕೆಯಾದ ಮೇಲೆ ತಳಪಾಯ, ಗೋಡೆ, ಛಾವಣಿ ಎಂದು ಹಂತಹಂತದ ಫೋಟೋ ಹತ್ತಿಸಿದರೆ ಕಂತುಕಂತಾಗಿ ದುಡ್ಡು. ಹೀಗಾಗಿ ಪಟ್ಟಿಯಲ್ಲಿ ಹೆಸರು ಸೇರುವುದೇ ದೊಡ್ಡ ಗೆಲುವು.

ನನ್ನ ಮೊದಲ ಸಭೆಯಲ್ಲಿ ಬಿಲ್ ಕಲೆಕ್ಟರ್ ಪಟ್ಟಿ ಓದುತ್ತಿದ್ದರು. ಏಳನೆಯ ಹೆಸರಿಗೆ ಹಿಂದಿನಿಂದ ಒಬ್ಬ ಹುಡುಗ ಎದ್ದ. “ಅವ್ರಿಗೆ ಆಗ್ಲೇ ಆರ್‌ಸಿಸಿ ಮನೆ ಐತಲ್ಲ ಸಾರ್?” ಕಟ್ಟೆಯ ಹತ್ತಿರ ಕೂತಿದ್ದ ಜಮೀನುದಾರರೊಬ್ಬರು ತಿರುಗಿ ಕೂಡ ನೋಡದೆ ಹೇಳಿದರು: “ಏಯ್, ನಿಮ್ಮಪ್ಪ ಯಾರ ಮನೆ ಜಗಲಿ ಮೇಲೆ ಮಲಗ್ತಿದ್ದ ಅಂತ ನಂಗೊತ್ತೈತೆ, ಕೂತ್ಕೊಳ್ಳೋ.”

ಅಲ್ಲಿಂದಾಚೆಗೆ ಪಟ್ಟಿಯ ವಿಷಯ ಯಾರಿಗೂ ಬೇಡವಾಯಿತು. ಯಾರ ಅಜ್ಜ ಯಾರ ಹೊಲ ಒತ್ತಿದ್ದು, ಯಾರ ಮಗಳು ಯಾರ ಜೊತೆ ಓಡಿಹೋಗಿದ್ದು, ಎಲ್ಲ ಮೈಕಿನಲ್ಲಿ ಬಂತು. ಮೈಕಿನ ಆಂಪ್ಲಿಫೈಯರ್ ಒಬ್ಬ ಸದಸ್ಯರ ಕುರ್ಚಿಯ ಪಕ್ಕ ಇತ್ತು. ಬೇಡದವರು ಮಾತಾಡುವಾಗ ಅವರ ಕೈ ಆ ತಿರುಗುಣಿಯ ಕಡೆ ಹೋಗುತ್ತಿದ್ದುದನ್ನು ನಾನೇ ನೋಡಿದೆ. ಕೊನೆಗೆ ಯಾರೋ ವೈರು ಕಿತ್ತರು. ಸಭೆ ಮುಂದೂಡಿದೆವು.

ಗಲಾಟೆಯಲ್ಲಿ ನನ್ನ ಕಣ್ಣಿಗೆ ಬೀಳದೆ ಹೋದದ್ದು ಒಂದಿತ್ತು. ಕಾಲೋನಿಯವರು ಶಾಮಿಯಾನದ ಒಳಗೆ ಇರಲೇ ಇಲ್ಲ. ರಸ್ತೆಯ ಆಚೆ, ಬೇಲಿಯ ಹತ್ತಿರ ನಿಂತಿದ್ದರು. ದೇವಸ್ಥಾನದ ಅಂಗಳ. ಯಾರೂ ಬರಬೇಡಿ ಎಂದಿರಲಿಲ್ಲ, ಬನ್ನಿ ಎಂದೂ ಅಂದಿರಲಿಲ್ಲ. ಸಹಿ ಪುಸ್ತಕವನ್ನು ಮಾತ್ರ ನೀರಗಂಟಿ ಅವರು ನಿಂತಲ್ಲಿಗೇ ಒಯ್ದು ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಿದ್ದ. ಮನೆಗೆ ಹೋಗಿ ಮೊಬೈಲಿನಲ್ಲಿ ತೆಗೆದ ಫೋಟೋ ನೋಡುವಾಗ ಇದು ಹೊಳೆಯಿತು.

ಕೈಕೊಟ್ಟ ಎರಡು ಉಪಾಯ

ಮೊದಲು ಹೊಳೆದದ್ದು ಪೊಲೀಸರು. ಮುಂದೂಡಿದ ಸಭೆಗೆ ಇಬ್ಬರು ಕಾನ್‌ಸ್ಟೇಬಲ್‌ಗಳು ಬಂದು ಕಟ್ಟೆಯ ಎರಡು ಬದಿಗೆ ನಿಂತರು. ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಯಾಕೆಂದರೆ ಬಂದಿದ್ದೇ ನಲವತ್ತು ಚಿಲ್ಲರೆ ಜನ, ಅದರಲ್ಲಿ ಹೆಂಗಸರು ಆರು. ಪೊಲೀಸ್ ಜೀಪು ನಿಂತಿದ್ದನ್ನು ಕಂಡ ಹೆಂಗಸರು ಅರ್ಧದಾರಿಯಿಂದಲೇ ಮನೆಗೆ ತಿರುಗಿದ್ದರು. ಕೋರಂ ಇಲ್ಲ, ಸಭೆ ಇಲ್ಲ.

ಎರಡನೆಯದು ಡಬ್ಬಿ. ಬಾಯಲ್ಲಿ ಬೇಡ, ಚೀಟಿಯಲ್ಲಿ ಬರೆದು ಹಾಕಿ ಎಂದೆವು. ಇದು ನನ್ನದೇ ಉಪಾಯ, ನನಗೆ ಬಹಳ ಹೆಮ್ಮೆಯೂ ಇತ್ತು. ಪಂಚಾಯಿತಿ ಕಚೇರಿಯ ಮುಂದೆ ಒಂದು ವಾರ ಬೀಗ ಹಾಕಿದ ಡಬ್ಬಿ ಇಟ್ಟೆವು. ತೆಗೆದು ನೋಡಿದರೆ ಬಹುಪಾಲು ಚೀಟಿಗಳು ಮೂರೇ ಮೂರು ಕೈಬರಹದಲ್ಲಿದ್ದವು. ಉಳಿದವುಗಳಲ್ಲಿ ಅರ್ಧಕ್ಕೆ ಹೆಸರಿಲ್ಲ, ಮತ್ತು ಅವುಗಳಲ್ಲಿದ್ದುದು ಬಾಯಿಬಿಟ್ಟು ಓದಲಾಗದ ಬೈಗುಳ. ಹೆಸರಿಲ್ಲದ ಚೀಟಿಗಳನ್ನು ಓದುವುದಿಲ್ಲ ಎಂದು ತೀರ್ಮಾನಿಸಿದೆವು. ಆ ತೀರ್ಮಾನದಲ್ಲಿ ನಾಲ್ಕೈದು ನಿಜವಾದ ದೂರುಗಳೂ ಕಸದ ಬುಟ್ಟಿಗೆ ಹೋದವು ಎಂದು ಈಗ ಅನ್ನಿಸುತ್ತದೆ. ಒಂದರಲ್ಲಿ, ಇಂಥ ಗುಡಿಸಲಲ್ಲಿ ಮುದುಕಿಯೊಬ್ಬಳೇ ಇದ್ದಾಳೆ, ಅವಳ ಹೆಸರು ಯಾಕಿಲ್ಲ ಎಂದು ಪೆನ್ಸಿಲ್ಲಿನಲ್ಲಿ ಬರೆದಿತ್ತು. ಓದಲು ಬಾರದವರಿಗೆ ಡಬ್ಬಿ ಎಂದರೆ ಡಬ್ಬಿಯೇ. “ಒಳಗೆ ಹೋಗಿದ್ದು ಒಳಗೇ ಹೋಯ್ತು” ಎಂದು ಊರಲ್ಲಿ ನಗಾಡಿದರು.

ನಡವಳಿ ಪುಸ್ತಕ

ತಿರುವು ಬಂದದ್ದು ಪಿಡಿಒ ಕೊಠಡಿಯಲ್ಲಿ ಕಾಯುತ್ತ ಕೂತಾಗ. ಹೊತ್ತು ಹೋಗದೆ ಹಳೆಯ ನಡವಳಿ ಪುಸ್ತಕ ತಿರುವಿದೆ. ಹಿಂದಿನ ಮೂರು ಸಭೆಗಳ ನಡವಳಿಯಲ್ಲಿ, ವಿಷಯ ಯಾವುದೇ ಇರಲಿ, ಒಂದೇ ವಾಕ್ಯ: “ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು.” ಬೀದಿ ದೀಪಕ್ಕೂ ಅದೇ, ಮನೆ ಪಟ್ಟಿಗೂ ಅದೇ, ಚರಂಡಿಗೂ ಅದೇ. ಸಹಿಗಳು ಮೊದಲ ಪುಟಗಳಲ್ಲಿ, ಠರಾವುಗಳು ಆಮೇಲಿನ ಪುಟಗಳಲ್ಲಿ. ಅಂದರೆ ಜನ ಬಂದ ಕೂಡಲೇ ಸಹಿ, ಬರೆಯುವುದು ಎಲ್ಲರೂ ಹೋದ ಮೇಲೆ. ಕಾರ್ಯದರ್ಶಿಯನ್ನು ಕೇಳಿದೆ. ಅವರಿಗೆ ಇದರಲ್ಲಿ ಮುಚ್ಚಿಡುವಂಥದ್ದು ಏನೂ ಕಾಣಲಿಲ್ಲ. “ಅಷ್ಟು ಗಲಾಟೇಲಿ ಬರಿಯೋಕಾಗುತ್ತಾ ಸಾರ್? ಮಾರನೇ ದಿನ ಕೂತು ಫೇರ್ ಮಾಡ್ತೀನಿ” ಎಂದರು.

ಅದೇ ವಾರ ಕಾಲೋನಿಯ ಅಂಗನವಾಡಿ ಟೀಚರನ್ನು ಕೇಳಿದೆ, ಹೆಂಗಸರು ಸಭೆಗೆ ಯಾಕೆ ಬರುವುದಿಲ್ಲ ಎಂದು. ಪೊಲೀಸರ ಭಯ, ಗಂಡಸರ ಗಲಾಟೆ ಎಂದೇನೋ ಹೇಳುತ್ತಾರೆ ಅಂದುಕೊಂಡಿದ್ದೆ. ಟೀಚರ್ ಹೇಳಿದ್ದು: “ಬಂದ್ರೂ ಅದೇ, ಬರದಿದ್ರೂ ಅದೇ ಸಾರ್. ಬುಕ್ಕಲ್ಲಿ ಬರಿಯೋದು ಒಂದೇ.”

ಪುಸ್ತಕ ಓದದೆ ಟೀಚರಿಗೆ ಗೊತ್ತಿದ್ದದ್ದು ನನಗೆ ಪುಸ್ತಕ ಓದಿದ ಮೇಲೆ ಗೊತ್ತಾಯಿತು. ಜನ ಕೂಗಾಡುವುದು ಸಂಸ್ಕಾರ ಇಲ್ಲದೆ ಅಲ್ಲ. ಹೇಳಿದ್ದು ಎಲ್ಲೂ ಬರೆದಿಡುವುದಿಲ್ಲ ಎಂದು ಗೊತ್ತಿದ್ದಾಗ ಉಳಿಯುವುದು ಗಂಟಲು ಮಾತ್ರ.

ನಿಯಮ ಬರೆದದ್ದು

ವಾರ್ಡ್ ಸಭೆಗಳು ಅದುವರೆಗೆ ಕಾಗದದ ಮೇಲೆ ಮಾತ್ರ ನಡೆಯುತ್ತಿದ್ದವು. ಈ ಸಲ ಒಂದೊಂದು ವಾರ್ಡಿಗೂ ಸಂಜೆ ಹೋಗಿ ಕೂತೆವು. ನಾನು, ಪಿಡಿಒ, ಆ ವಾರ್ಡಿನ ಸದಸ್ಯರು. “ಯಾವ ನಿಯಮ ಬೇಕು” ಎಂದು ಮೊದಲ ವಾರ್ಡಿನಲ್ಲಿ ಕೇಳಿ ಪೆದ್ದರಾದೆವು. ಎಲ್ಲರೂ “ಶಿಸ್ತು ಬೇಕು” ಎಂದರು, ಬೇರೆಯವರಿಗೆ. ಎರಡನೆಯ ವಾರ್ಡಿನಿಂದ ಪ್ರಶ್ನೆ ಬದಲಿಸಿದೆವು: ಹೋದ ಸಲ ನಿಮಗೆ ಯಾವುದು ಸರಿ ಬರಲಿಲ್ಲ? ಆಗ ಮಾತು ಸುರುವಾಯಿತು.

ಕಾಲೋನಿಯ ಉತ್ತರ ಒಂದೇ: ಜಾಗ. ಸಭೆ ಶಾಲೆ ಮೈದಾನದಲ್ಲಾಗಲಿ. ದೊಡ್ಡೂರಿನವರು ಒಪ್ಪಲಿಲ್ಲ, ದೇವರ ಎದುರು ಯಾರೂ ಸುಳ್ಳು ಹೇಳುವುದಿಲ್ಲ ಎಂಬ ವಾದ. “ಹೋದ ಸಲ ಹೇಳಿದ್ದೆಲ್ಲ ನಿಜಾನಾ?” ಎಂದು ಮಂಡಲದ ಹಿರಿಯರು ಕೇಳಿದ ಮೇಲೆ ಆ ವಾದ ತಾನಾಗೇ ಕುಸಿಯಿತು. ಶಾಲೆ ಮೈದಾನ ಎಂದಾಯಿತು. ಇದನ್ನು ನಿಯಮ ಎಂದು ಯಾರೂ ಕರೆಯುವುದಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಉಳಿದ ಎಲ್ಲವೂ ಇದರ ಮೇಲೆ ನಿಂತಿದ್ದವು.

ಇನ್ನೊಂದು ವಾರ್ಡಿನ ಹುಡುಗರು ಕೇಳಿದ್ದು ವಿಚಿತ್ರವಾಗಿತ್ತು. “ಮೈಕಲ್ಲಿ ಎಲ್ಲಾರ್ಗೂ ಬಹುವಚನ ಸಾರ್.” ನಮ್ಮ ಭಾಷೆಯಲ್ಲಿ ಒಬ್ಬನನ್ನು ಕೂರಿಸಬೇಕಾದರೆ ಬೈಯಬೇಕಾಗಿಲ್ಲ, ಏಕವಚನ ಸಾಕು. ‘ನೀವು ಕೂತ್ಕೊಳ್ಳಿ’ ಎಂದರೆ ಕೋರಿಕೆ, ‘ಕೂತ್ಕೊಳ್ಳೋ’ ಎಂದರೆ ಅವನ ಜಾಗ ಯಾವುದು ಎಂದು ಹೇಳಿದ ಹಾಗೆ. ಇದು ನನಗೆ ಹೊಳೆದೇ ಇರಲಿಲ್ಲ. ನನ್ನನ್ನು ಊರಲ್ಲಿ ಯಾರೂ ಏಕವಚನದಲ್ಲಿ ಕರೆಯುವುದಿಲ್ಲವಲ್ಲ.

ಹೀಗೆ ಎಲ್ಲ ಸೇರಿಸಿ ಒಂದು ಹಾಳೆ ಮಾಡಿದೆವು. ಹಿಂದಿನ ಸಭೆಯ ತೀರ್ಮಾನಗಳು ಏನಾದವು ಎಂಬ ಅನುಪಾಲನಾ ವರದಿ ಮೊದಲು. ಮಾತಾಡುವವರು ಟೋಕನ್ ತೆಗೆದುಕೊಂಡು ಸರದಿಯಲ್ಲಿ ಬರಬೇಕು. ಹೆಸರು, ಊರು, ವಿಷಯ ಹೇಳಿ ಎರಡು ನಿಮಿಷ. ಆಮೇಲೆ ಶಾಲೆಯ ಗಂಟೆ. ಮೈಕಿನಲ್ಲಿ ಎಲ್ಲರಿಗೂ ‘ನೀವು’. ಮೈಕು ಹಿಡಿದು ಓಡಾಡುವುದು ಅಂಗನವಾಡಿ ಟೀಚರ್, ಆಂಪ್ಲಿಫೈಯರ್ ಶಾಲೆಯ ವರಾಂಡದಲ್ಲಿ ಮೈಕ್ ಸೆಟ್ಟಿನ ಹುಡುಗನ ಹತ್ತಿರ. ಲಂಚದ ಆರೋಪ ಇದ್ದರೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ ಅರ್ಜಿ; ಅದನ್ನು ಅಲ್ಲೇ ತೆಗೆದುಕೊಂಡು ಸ್ವೀಕೃತಿ ಕೊಡುವುದು ನನ್ನ ಕೆಲಸ. ಬರೆಯಲು ಬಾರದವರಿಗೆ ಶಾಲೆಯ ಮೇಷ್ಟ್ರು ಬರೆದುಕೊಡುತ್ತಾರೆ. ಕೊನೆಯದು, ಠರಾವನ್ನು ಅಲ್ಲೇ ಬರೆದು, ಮೈಕಿನಲ್ಲಿ ಓದಿ, ಆಮೇಲೆ ಸಹಿ.

ನಡುವೆ ಒಂದು ನಿಯಮ ನಾನೇ ತುರುಕಿದ್ದು: ವೈಯಕ್ತಿಕ ವಿಷಯ ಮಾತಾಡಕೂಡದು. ಓದಲು ಚೆನ್ನಾಗಿತ್ತು. ಉದ್ಯೋಗ ಖಾತ್ರಿ ಕೆಲಸದ ಕಾಯಕ ಬಂಧು (ಕೂಲಿಕಾರರ ಗುಂಪಿನ ಮುಂದಾಳು) ಒಬ್ಬಳು ಅವತ್ತೇ ಕೇಳಿದಳು, “ಮನೆ ಕೊಡೋದು ವ್ಯಕ್ತಿಗೇ ಅಲ್ವಾ ಸಾರ್? ವೈಯಕ್ತಿಕ ಬಿಟ್ಟು ಏನ್ ಮಾತಾಡೋದು?” ನಾನು ನಕ್ಕು ಮುಂದಿನ ನಿಯಮಕ್ಕೆ ಹೋದೆ. ಅದು ತಪ್ಪಾಯಿತು.

ಇನ್ನೊಂದು ವಿಷಯ ಹಾಳೆಯಲ್ಲಿ ಬರೆಯಲಿಲ್ಲ, ಆದರೆ ಪಿಡಿಒ ಅಧ್ಯಕ್ಷೆಯ ಮನೆಗೇ ಹೋಗಿ ಮಾತಾಡಿದರು. ಅದುವರೆಗೆ ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲಿ ಅವರ ಗಂಡ ಕೂತು ಸಭೆ ನಡೆಸುತ್ತಿದ್ದರು. ಅವರೂ ಮತದಾರರು, ಮಾತಾಡಲು ಹಕ್ಕಿದೆ. ಕೆಳಗೆ ಕೂತು, ಟೋಕನ್ ತೆಗೆದುಕೊಂಡು. ಮಾತು ಮುಗಿಸಿ ಹೊರಬಂದ ಪಿಡಿಒ ಮುಖ ಬೆವೆತಿತ್ತು. “ಒಪ್ಪಿದ್ರು ಸಾರ್. ಕಾಫಿ ಮಾತ್ರ ಕೊಡ್ಲಿಲ್ಲ” ಎಂದರು.

ಸಭೆಯ ದಿನ

ಡಂಗುರ ಸಾರಿಸಿದ್ದೆವು, ಆಟೋದಲ್ಲಿ ಮೈಕು ಕಟ್ಟಿ ಕಾಲೋನಿಯವರೆಗೂ ಕೂಗಿಸಿದ್ದೆವು. ಜನ ಬಂದರು. ಹುಣಸೆ ಮರಕ್ಕೆ ನೇತುಹಾಕಿದ ರೈಲು ಕಂಬಿಯ ತುಂಡೇ ಶಾಲೆಯ ಗಂಟೆ. ಅದರ ಹತ್ತಿರ ಬಿಸಿಯೂಟದ ಅಡುಗೆಯಮ್ಮ ಕಬ್ಬಿಣದ ಸರಳು ಹಿಡಿದು ಕೂತರು. ಮೇಷ್ಟ್ರು ಗಡಿಯಾರ ನೋಡಿ ಕೈ ಎತ್ತಬೇಕು, ಇವರು ಬಾರಿಸಬೇಕು.

ಅನುಪಾಲನಾ ವರದಿಯೇ ಅರ್ಧ ಗಂಟೆ ತಿಂದಿತು. ಹಿಂದಿನ ಸಭೆಯ ಒಂಬತ್ತು ತೀರ್ಮಾನಗಳಲ್ಲಿ ಆಗಿದ್ದು ಎರಡು. ಪಿಡಿಒ ಅದನ್ನು ಹಾಗೇ ಓದಿದರು, ನೆವ ಹೇಳಲಿಲ್ಲ. ಜನ ಬೈಯುತ್ತಾರೆ ಅಂದುಕೊಂಡಿದ್ದೆ. ಒಬ್ಬರು ಎದ್ದು, “ಆಗಿಲ್ಲ ಅಂತ ಮೈಕಲ್ಲಿ ಹೇಳಿದ್ದು ಇದೇ ಮೊದ್ಲು” ಎಂದು ಕೂತರು.

ನಾಲ್ಕನೆಯ ಟೋಕನ್ ಅಧ್ಯಕ್ಷೆಯ ಗಂಡನದು. ಎದ್ದು ನಿಂತು ಅಭ್ಯಾಸದಂತೆ ವೇದಿಕೆಯ ಗಣ್ಯರನ್ನೆಲ್ಲ ಒಬ್ಬೊಬ್ಬರಾಗಿ ಸಂಬೋಧಿಸಿದರು, ಪಂಚಾಯಿತಿಗೆ ತಾವು ತಂದ ಕೆಲಸಗಳನ್ನು ಎಣಿಸಲು ಹೊರಟರು. ಮೇಷ್ಟ್ರ ಕೈ ಮೇಲೆದ್ದಿತು. ಅಡುಗೆಯಮ್ಮ ಮೇಷ್ಟ್ರ ಮುಖ ನೋಡಿದರು, ಅಧ್ಯಕ್ಷೆಯ ಮುಖ ನೋಡಿದರು. ಅಡುಗೆ ಕೆಲಸ ಯಾರ ಕೃಪೆಯಿಂದ ಸಿಕ್ಕಿದ್ದು ಎಂದು ಊರಿಗೆಲ್ಲ ಗೊತ್ತು. ಒಂದು ಗಳಿಗೆ ಇಡೀ ಮೈದಾನ ಆ ಸರಳನ್ನೇ ನೋಡುತ್ತಿತ್ತು. ಅಧ್ಯಕ್ಷೆ ತಲೆ ತಗ್ಗಿಸಿ, ಬಾರಿಸು ಎಂಬಂತೆ ಬೆರಳಾಡಿಸಿದರು. ಟಣ್! ಅವರ ಗಂಡ ವಾಕ್ಯದ ಮಧ್ಯದಲ್ಲೇ ನಿಂತು, ಸುತ್ತ ನೋಡಿ, ಕೂತರು. ಜನ ನಕ್ಕರು, ಅವರೂ ನಕ್ಕರು. ಅದಾದ ಮೇಲೆ ಗಂಟೆಗೆ ಎದುರಾಡಿದವರಿಲ್ಲ. ಆ ಮೊದಲ ಗಂಟೆ ಕಾಲೋನಿಯ ಯಾರ ಮೇಲಾದರೂ ಬಿದ್ದಿದ್ದರೆ ಸಭೆ ಅವತ್ತೂ ಮುರಿಯುತ್ತಿತ್ತು ಎಂದು ನನ್ನ ನಂಬಿಕೆ. ಟೋಕನ್ ಸರದಿ ಹಾಗೆ ಬಂದದ್ದು ನಮ್ಮ ಜಾಣತನವಲ್ಲ, ಅದೃಷ್ಟ.

ಬಹುವಚನ ಅಷ್ಟು ಸುಲಭವಾಗಲಿಲ್ಲ. ಕಾಲೋನಿಯವನೊಬ್ಬ ಸ್ಮಶಾನದ ದಾರಿ ಕೇಳಿದ. ಜಮೀನುದಾರರು ತಮ್ಮ ಸರದಿಯಲ್ಲಿ ಎದ್ದರು. “ಏಯ್, ಸರ್ವೆ ನಂಬರ್ ಬಗ್ಗೆ ನಿಂಗೇನೋ ಗೊತ್ತು?” ಅದುವರೆಗೆ ಬಾಯಿ ಬಿಡದಿದ್ದ ಅಧ್ಯಕ್ಷೆ ಮುಂದಿದ್ದ ಮೈಕಿಗೆ ಬಾಗಿ ಸಣ್ಣ ದನಿಯಲ್ಲಿ ಹೇಳಿದರು: “ಯಜಮಾನ್ರೇ, ಮೈಕಲ್ಲಿ ಬಹುವಚನ.” ಅವರು ತಡವರಿಸಿ, “ನಿಂಗೇನೋ ಗೊತ್ರೀ” ಎಂದರು. ಮೈದಾನವೆಲ್ಲ ಗೊಳ್ಳೆಂದಿತು. ಮೂರನೆಯ ಸಲಕ್ಕೆ, ಹಲ್ಲು ಕಚ್ಚಿಕೊಂಡು, “ನಿಮಗೇನು ಗೊತ್ತು” ಬಂತು. ಮಜಾ ಎಂದರೆ, ಬಹುವಚನದಲ್ಲಿ ಕೇಳಿದ ಮೇಲೆ ಅದು ಬೈಗುಳವಾಗಿ ಉಳಿಯದೆ ಪ್ರಶ್ನೆಯಾಗಿಬಿಟ್ಟಿತು. ಪ್ರಶ್ನೆ ಎಂದ ಮೇಲೆ ಉತ್ತರ ಬರಲೇಬೇಕು. ಆತ ಜೇಬಿನಿಂದ ಮಡಿಸಿದ ನಕ್ಷೆ ತೆಗೆದ.

ನಿಜವಾದ ಪರೀಕ್ಷೆ ಬಂದದ್ದು 19ನೇ ಟೋಕನ್ನಿಗೆ. ನಡುವಯಸ್ಸಿನ ಹೆಂಗಸು, ಮೊದಲ ಸಲ ಮೈಕು ಹಿಡಿದವಳು. “ಪಟ್ಟೀಲಿ ಹನ್ನೊಂದನೇ ಹೆಸ್ರು ಐತಲ್ಲ, ಅವ್ರಿಗೆ ಮನೆ ಐತೆ.” ನಾಲ್ಕು ಕಡೆಯಿಂದ ಒಟ್ಟಿಗೇ ಕೂಗು: “ವೈಯಕ್ತಿಕ! ವೈಯಕ್ತಿಕ!” ಒಬ್ಬರು ನಿಯಮದ ಹಾಳೆಯನ್ನೇ ಎತ್ತಿ ತೋರಿಸಿದರು. ಟೀಚರ್ ಮೈಕು ಹಿಡಿದು ನನ್ನ ಕಡೆ ನೋಡಿದರು. ಪಿಡಿಒ ನನ್ನ ಕಡೆ ನೋಡಿದರು. ಕಾಯಕ ಬಂಧು ನನ್ನ ಕಡೆ ನೋಡಲೇ ಇಲ್ಲ, ಅದೇ ಹೆಚ್ಚು ಚುಚ್ಚಿತು.

ನಿಯಮದ ಪ್ರಕಾರ ಆ ಹೆಂಗಸನ್ನು ಕೂರಿಸಬೇಕು. ಕೂರಿಸಿದರೆ ಸಭೆ ಕರೆದಿದ್ದೇ ವ್ಯರ್ಥ. ಹಾಗಂತ ನಿಯಮ ಮುರಿದು ಮಾತಾಡಲು ಬಿಟ್ಟರೆ, ಮುಂದೆ ಬೇಕಾದವರಿಗೆಲ್ಲ ಅದೇ ಬಾಗಿಲು. ಹತ್ತು ನಿಮಿಷ ನೀರಿಗೆ ಬಿಡುವು ಕೊಟ್ಟು, ನಾವು ನಾಲ್ಕೈದು ಜನ ಶಾಲೆಯ ವರಾಂಡದಲ್ಲಿ ಸೇರಿದೆವು. ನಾನು ಏನೇನೋ ವಾಕ್ಯ ಕಟ್ಟುತ್ತಿದ್ದೆ, ಸಾರ್ವಜನಿಕ ಹಿತಾಸಕ್ತಿಗೆ ಸಂಬಂಧಪಟ್ಟಂತೆ ಇತ್ಯಾದಿ. ಮಂಡಲದ ಹಿರಿಯರು ಬೀಡಿ ಆರಿಸುತ್ತ ಹೇಳಿದರು: “ಮನೆ ಬಗ್ಗೆ ಮಾತಾಡ್ಲಿ, ಮನೆತನದ ಬಗ್ಗೆ ಬ್ಯಾಡ.”

ಅಷ್ಟೇ. ಹೊರಗೆ ಬಂದು, ನಿಯಮ ತಪ್ಪಾಗಿ ಬರೆದದ್ದು ನಾನು, ಹೀಗೆ ತಿದ್ದೋಣವೇ ಎಂದು ಮೈಕಿನಲ್ಲೇ ಕೇಳಿದೆ. ಕೈ ಎತ್ತಿಸಿದೆವು. ಎದ್ದ ಕೈಗಳೇ ಹೆಚ್ಚಿದ್ದವು. ಆ ಹೆಂಗಸಿಗೆ ಮೈಕು ಮತ್ತೆ ಹೋಯಿತು. “ಮನೆ ಐತೆ, ಶೀಟ್ ಮನೆ ಅಲ್ಲ, ಮೋಲ್ಡ್ ಹಾಕಿದ್ ಮನೆ. ಅವ್ರ ಸೊಸೆ ಬಿಟ್ಟು ಹೋದ್ಮೇಲೆ...” ಟಣ್. ಸಮಯ ಆಗಿರಲಿಲ್ಲ, ಅಡುಗೆಯಮ್ಮ ತಾನಾಗಿಯೇ ಬಾರಿಸಿದ್ದಳು. “ಅದು ಮನೆತನ ಕಣಕ್ಕ” ಎಂದಳು. ಯಾರ ಬಾಯಿ ತೆರೆಸಲು ನಿಯಮ ತಿದ್ದಿದೆವೋ ಅವಳ ಮೇಲೇ ತಿದ್ದಿದ ನಿಯಮದ ಮೊದಲ ಏಟು ಬಿತ್ತು. ಕೂಗಿದ್ದವರು ತೆಪ್ಪಗಾದರು.

ಹನ್ನೊಂದನೇ ಹೆಸರಿನವರಿಗೂ ಎರಡು ನಿಮಿಷ ಕೊಟ್ಟೆವು. ಮನೆ ತಂದೆಯ ಹೆಸರಲ್ಲಿದೆ, ಮೂವರು ಅಣ್ಣತಮ್ಮಂದಿರು, ತನಗೆ ಇರುವುದು ಹಿತ್ತಿಲ ಒಂದು ಮಾಡು ಎಂದರು. ಸ್ಥಳ ಪರಿಶೀಲನೆ ಎಂದು ತೀರ್ಮಾನವಾಯಿತು: ಪಿಡಿಒ, ಆ ವಾರ್ಡಿನ ಇಬ್ಬರು, ದೂರಿದ ಹೆಂಗಸು ಕೂಡ.

ಕೊನೆಗೆ ಓದುವಿಕೆ. ಕಾರ್ಯದರ್ಶಿಯ ಕೈ ಅಭ್ಯಾಸಬಲದಿಂದ “ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ” ಎಂದೇ ಬರೆದಿತ್ತು. ಮೈಕಿನಲ್ಲಿ ಓದಿದ ಕೂಡಲೇ ಹಿಂದಿನಿಂದ: “ಸರ್ವಾನುಮತ ಅಲ್ಲ ಸಾರ್, ನಾನ್ ಕೈ ಎತ್ತಿಲ್ಲ.” ಹೊಡೆದುಹಾಕಿ ಮತ್ತೆ ಬರೆದರು. ಇನ್ನೊಂದು ಠರಾವಿನಲ್ಲಿ ಊರಿನ ಹೆಸರು ತಪ್ಪು. ಮತ್ತೊಂದರಲ್ಲಿ ‘ಪರಿಶೀಲಿಸುವುದು’ ಎಂದಿತ್ತು, ಯಾವಾಗ ಎಂದಿರಲಿಲ್ಲ; ಜನ ದಿನಾಂಕ ಬರೆಸಿದರು. ಇದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಹೊತ್ತು ಮುಳುಗಿ ಟ್ಯೂಬ್‌ಲೈಟ್ ಹಾಕಿದೆವು, ಹಾಲು ಕರೆಯುವ ಹೊತ್ತಾಯಿತು ಎಂದು ಕೆಲವರು ಸಹಿ ಮಾಡದೆ ಹೋದರು. ಆದರೆ ಇಡೀ ದಿನದಲ್ಲಿ ಮೈದಾನ ಪೂರ್ತಿ ಮೌನವಾಗಿದ್ದು ಆ ಮುಕ್ಕಾಲು ಗಂಟೆಯಲ್ಲಿ. ಗಂಟೆ ಬಾರಿಸುವ ಅಗತ್ಯವೇ ಬೀಳಲಿಲ್ಲ.

ಆಮೇಲೆ

ಸ್ಥಳಕ್ಕೆ ಹೋಗಿ ನೋಡಿದಾಗ ಹನ್ನೊಂದನೇ ಹೆಸರಿನವರು ಹೇಳಿದ್ದೇ ನಿಜವಾಗಿತ್ತು. ಹೆಸರು ಪಟ್ಟಿಯಲ್ಲಿ ಉಳಿಯಿತು. ದೂರಿದ ಹೆಂಗಸು ವಿಶೇಷ ಗ್ರಾಮ ಸಭೆಯಲ್ಲಿ, “ನೋಡಿದೆ, ಸರಿ ಐತೆ” ಎಂದಳು. ಆದರೆ ಅಷ್ಟರೊಳಗೆ ಬೇರೆ ಇಬ್ಬರು ತಾವಾಗಿಯೇ ಪಿಡಿಒ ಹತ್ತಿರ ಬಂದು, ಈ ಸಲ ನಮ್ಮ ಹೆಸರು ಬೇಡ, ಮುಂದಿನ ಸಲ ನೋಡೋಣ ಎಂದು ಹೇಳಿ ಹೋಗಿದ್ದರು. ಅವರ ಮನೆಗಳ ಬಗ್ಗೆ ಸಭೆಯಲ್ಲಿ ಯಾರೂ ತುಟಿ ಬಿಚ್ಚಿರಲಿಲ್ಲ. ಪೆನ್ಸಿಲ್ ಚೀಟಿಯ ಮುದುಕಿಯ ಹೆಸರು ಸೇರಿತು. ಲಂಚದ ಬಗ್ಗೆ ನಾನು ಸ್ವೀಕೃತಿ ಕೊಟ್ಟ ಒಂದೇ ಒಂದು ಅರ್ಜಿ, ನಾನು ವರ್ಗವಾಗುವವರೆಗೂ ಅಲುಗಲಿಲ್ಲ. ಅರ್ಜಿದಾರ ಇವತ್ತಿಗೂ ನನ್ನನ್ನು ಕಂಡರೆ ಆ ಸ್ವೀಕೃತಿಯ ಕತೆ ಕೇಳುತ್ತಾನೆ.

ಎರಡು ನಿಮಿಷದ ನಿಯಮ ಮುಂದಿನ ಸಭೆಯಲ್ಲಿ ಬದಲಾಯಿತು. ಮೊದಲ ಸಲ ಮಾತಾಡುವವರು ಕತೆಯನ್ನು ಬುಡದಿಂದ ಹೇಳುತ್ತಾರೆ. ವಿಷಯಕ್ಕೆ ಬರುವ ಹೊತ್ತಿಗೆ ಟಣ್. ಮೊದಲ ಸಲದವರಿಗೆ ಗಂಟೆ ಬೇಡ ಎಂದು ನಾನು ಹೇಳಿದಾಗ ಜಮೀನುದಾರರು ಎದ್ದರು: “ಹಂಗಾದ್ರೆ ನಿಯಮ ಎಲ್ಲಾರ್ಗೂ ಒಂದೇ ಹೆಂಗಾಯ್ತು ಡಾಕ್ಟ್ರೇ?” ಅವರ ಮಾತಿನಲ್ಲಿ ಹುರುಳಿತ್ತು. ಟೋಕನ್ ಕೂಡಿಸಬಹುದು ಎಂದು ಟೀಚರ್ ದಾರಿ ಹುಡುಕಿದರು: ಮೂವರು ಒಟ್ಟಿಗೆ ಬಂದರೆ ಆರು ನಿಮಿಷ, ಯಾರು ಬೇಕಾದರೂ ಮಾತಾಡಲಿ. ಎಲ್ಲರಿಗೂ ತೆರೆದ ನಿಯಮ, ಬಳಸಿಕೊಂಡವರು ಹೆಚ್ಚಾಗಿ ಹೆಂಗಸರು. ಒಬ್ಬಳಿಗೆ ದನಿ ಸಿಕ್ಕಿಕೊಂಡರೆ ಇನ್ನೊಬ್ಬಳು ಮುಂದುವರಿಸುತ್ತಿದ್ದಳು.

ಬೇರೆಯವರಿಗೆ ಉಪಯೋಗವಾಗಬಹುದಾದದ್ದು

ಇದನ್ನು ಓದಿದ ಪಿಡಿಒಗಳು ಮೊದಲು ಟೋಕನ್, ಗಂಟೆಗಳನ್ನು ಎತ್ತಿಕೊಳ್ಳುತ್ತಾರೆ, ಯಾಕೆಂದರೆ ಅವು ಫೋಟೋದಲ್ಲಿ ಕಾಣುತ್ತವೆ. ನಾನಾದರೆ ಮೊದಲು ಠರಾವು ಓದಿಸುವುದನ್ನು ಹಿಡಿಯುತ್ತೇನೆ, ಒಂದೇ ಒಂದು ನಿಯಮ ಇಡಬಹುದು ಎಂದರೂ ಅದನ್ನೇ. ಇದರಲ್ಲಿ ಹೊಸ ಖರ್ಚಿಲ್ಲ, ಮೇಲಿನವರ ಅನುಮತಿ ಬೇಕಾಗಿಲ್ಲ. ಕಾರ್ಯದರ್ಶಿ ಒಪ್ಪಬೇಕು, ಮತ್ತೆ ಕತ್ತಲಾಗುವವರೆಗೆ ಕೂರುವ ತಾಳ್ಮೆ ಬೇಕು.

ಡಬ್ಬಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಹೆಸರು ಹೇಳಲು ಭಯಪಡುವವರಿಗೆ ಏನಾದರೂ ಒಂದು ದಾರಿ ಇರಬೇಕು. ಅದನ್ನು ಸಭೆಯ ಬದಲಿಗೆ ಇಟ್ಟದ್ದು ತಪ್ಪು. ಸಭೆಯ ಜೊತೆಗೆ ಇಟ್ಟಿದ್ದರೆ ಏನಾಗುತ್ತಿತ್ತೋ, ಪ್ರಯತ್ನಿಸಲಿಲ್ಲ. ಸಭೆಯ ಮಧ್ಯದಲ್ಲಿ ನಿಯಮ ತಿದ್ದಿದ್ದು ಸರಿಯೇ, ತಪ್ಪೇ ಎಂದು ಸಹೋದ್ಯೋಗಿಗಳು ವಾದಿಸುತ್ತಾರೆ. ಇನ್ನೊಮ್ಮೆ ಅದೇ ಗಳಿಗೆ ಬಂದರೂ ಹಾಗೇ ಮಾಡುತ್ತೇನೆ, ಆದರೆ ತಪ್ಪು ನನ್ನದೆಂದು ಮೊದಲು ಹೇಳಿಕೊಂಡು. ಹೇಳದೆ ತಿದ್ದಿದ್ದರೆ ಆ ಕೈಗಳು ಏಳುತ್ತಿರಲಿಲ್ಲ.

ಜಮೀನುದಾರರು ಮೂರನೆಯ ಸಭೆಯಿಂದ ಬರುವುದು ಬಿಟ್ಟರು. ಇದನ್ನು ಗೆಲುವು ಎಂದು ಕೆಲವರು ಹೇಳಿದರು, ನನಗೆ ಹಾಗನ್ನಿಸಲಿಲ್ಲ. ಸ್ಮಶಾನದ ದಾರಿ ಅವರ ಹೊಲದ ಬದುವಿನಲ್ಲೇ ಹೋಗಬೇಕು.

ವರ್ಗವಾಗುವ ಮುಂಚೆ ಆಡುಗಳಿಗೆ ಪಿಪಿಆರ್ ರೋಗದ ಲಸಿಕೆ ಹಾಕಲು ಕಾಲೋನಿಗೆ ಹೋಗಿದ್ದೆ. ನಕ್ಷೆ ತಂದಿದ್ದವನೇ ಆಡಿನ ಕಿವಿ ಹಿಡಿದು ನಿಂತಿದ್ದ. ಹೇಗಿದೆ ಈಗ ಎಂದು ಕೇಳಿದೆ, ಏನಾದರೂ ಒಳ್ಳೆಯದು ಹೇಳುತ್ತಾನೆ ಎಂದು ಕಾದೆ.

“ಮೈಕಲ್ಲಿ ನೀವು, ಹೊಲ್ದಲ್ಲಿ ನೀನು ಸಾರ್” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಆರ್ ತಿಂಗಳ್ಗೆ ಒಂದಿನ” ಎಂದು ನಕ್ಕ. ನನಗೆ ಏನು ಹೇಳಲೂ ತೋಚದೆ, ಇನ್ನೊಂದು ಆಡು ಹಿಡಿ ಎಂದೆ. ಅವನು ನನ್ನ ಮುಖ ನೋಡಿದ. ಹಿಡೀರಿ, ಎಂದೆ.